‘ಯೋಚನೆ ಜಾಸ್ತಿ’ ಆದ ಎರಡು ವರ್ಷ

ನಮ್ಮ ಹಗರೆ ಕಡೆ ಯಾರೂ ‘ಡಿಪ್ರೆಶನ್’ ಅನ್ನಲ್ಲ. ‘ಅವರಿಗೆ ಯೋಚನೆ ಜಾಸ್ತಿ ಆಗಿದೆ’ ಅಂತಾರೆ. ಡಾಕ್ಟರ್ ಹತ್ರ ಹೋದ್ರೆ ಅದನ್ನೂ ಹೇಳಲ್ಲ. ಗ್ಯಾಸ್ಟ್ರಿಕ್, ತಲೆನೋವು, ಕೈಕಾಲು ಜೋಮು, ರಾತ್ರಿ ನಿದ್ದೆ ಬರಲ್ಲ ಅಂತಾರೆ. ರಕ್ತ ಪರೀಕ್ಷೆ ಮಾಡಿಸಿದ್ರೆ ಎಲ್ಲಾ ನಾರ್ಮಲ್. ಕೊರೊನಾ ಬಂದು ಹೋದ ಮೇಲೆ ಇಂಥ ‘ಎಲ್ಲಾ ನಾರ್ಮಲ್’ ರಿಪೋರ್ಟುಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಬಿದ್ದಿವೆ.

ಕೊರೊನಾದ ಮೊದಲ ವರ್ಷದಲ್ಲೇ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಇದನ್ನು ಓದಿದ ತಕ್ಷಣ ನಮಗೆ ಕಣ್ಣ ಮುಂದೆ ಬರೋದು ಫ್ಲಾಟಿನಲ್ಲಿ ಲ್ಯಾಪ್‌ಟಾಪ್ ಮುಂದೆ ಒಬ್ಬರೇ ಕೂತವರ ಚಿತ್ರ. ಆದರೆ ಹಾಸನ–ಬೇಲೂರು ರಸ್ತೆಯ ಹಗರೆಯಂಥ ಊರಲ್ಲಿ ಒಬ್ಬರೇ ಇರೋದಕ್ಕೆ ಜಾಗವಾದರೂ ಎಲ್ಲಿದೆ? ಎರಡು ಕೋಣೆ, ಏಳು ಜನ, ಹಿತ್ತಲಲ್ಲಿ ಎರಡು ಹಸು. ಹಾಗಿದ್ದೂ ಮನಸ್ಸಿಗೆ ಪೆಟ್ಟು ಬಿತ್ತು. ಹೇಗೆ ಅಂತ ಯೋಚಿಸಿದಾಗ ನನಗೆ ಅನಿಸಿದ್ದು ಇದು: ಬಡ ದೇಶದಲ್ಲಿ ಮನಸ್ಸಿನ ಆಸ್ಪತ್ರೆ ಅಂದರೆ ನೆರೆಹೊರೆ. ಜಗಲಿ, ಸಂತೆ, ಹಾಲಿನ ಡೈರಿ ಮುಂದಿನ ಸಾಲು, ಜಾತ್ರೆ, ತಿಥಿ. ಮಹಾಮಾರಿ ಬಂದಾಗ ಎಲ್ಲಕ್ಕಿಂತ ಮೊದಲು ಬೀಗ ಬಿದ್ದದ್ದು ಈ ಆಸ್ಪತ್ರೆಗೆ.

ಮೊದಲು ದುಡ್ಡಿನ ವಿಷಯ, ಯಾಕಂದ್ರೆ ನಮ್ಮಲ್ಲಿ ಯೋಚನೆ ಶುರುವಾಗೋದೇ ಅಲ್ಲಿಂದ. ಬೇಲೂರು, ಹಳೇಬೀಡಿನ ದೇವಸ್ಥಾನಗಳು ಪುರಾತತ್ವ ಇಲಾಖೆಗೆ ಸೇರಿದವು. ಇಲಾಖೆ ದೇಶದ ಎಲ್ಲಾ ಸ್ಮಾರಕಗಳನ್ನು 2020ರ ಮಾರ್ಚ್ 17ರಿಂದ ಮುಚ್ಚಿತು, ಮತ್ತೆ ತೆರೆಯೋದಕ್ಕೆ ಅನುಮತಿ ಸಿಕ್ಕಿದ್ದು ಜುಲೈ 6ಕ್ಕೆ. 2021ರ ಏಪ್ರಿಲ್ ಮಧ್ಯದಲ್ಲಿ ಇನ್ನೊಂದು ಸಲ ಬಾಗಿಲು ಹಾಕಿದರು. ಈ ರಸ್ತೆಯಲ್ಲಿ ಪ್ರವಾಸಿಗರ ಬಸ್ಸು, ಕಾರು ನಂಬಿಕೊಂಡ ಟೀ ಅಂಗಡಿ, ಎಳನೀರು ಮಾರೋರು, ದೇವಸ್ಥಾನದ ಗೈಡುಗಳು, ಟ್ಯಾಕ್ಸಿ ಓಡಿಸೋರು ಎಲ್ಲರ ಸಂಪಾದನೆ ಒಂದೇ ದಿನಕ್ಕೆ ನಿಂತಿತು. ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಿದ್ದ, ಗಾರ್ಮೆಂಟ್ಸ್‌ಗೆ ಹೋಗ್ತಿದ್ದ ಮಕ್ಕಳು ಊರಿಗೆ ವಾಪಸ್ ಬಂದರು. ತಿಂಗಳು ತಿಂಗಳು ಹಣ ಕಳಿಸ್ತಿದ್ದವರು ಈಗ ಊಟಕ್ಕೆ ಕೂರೋರಾದರು. ಸರ್ಕಾರ 2020ರ ಮೇನಲ್ಲಿ ಆಟೊ–ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಅಗಸರಿಗೆ ತಲಾ 5000 ರೂಪಾಯಿ ಘೋಷಿಸಿತು. ಪಡಿತರದ ಅಕ್ಕಿಯೂ ಬಂತು. ಹೊಟ್ಟೆ ಹೇಗೋ ನಡೆಯಿತು, ಆದರೆ ಸಂಘದ ಕಂತು, ಕೈಸಾಲ, ಮಗಳ ಫೀಸು ಅಕ್ಕಿಯಿಂದ ತೀರಲ್ಲವಲ್ಲ.

ಬಡತನ ಮನಸ್ಸಿಗೆ ಏನು ಮಾಡುತ್ತೆ ಅನ್ನೋದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ನಡೆದ ಒಂದು ಒಳ್ಳೆ ಅಧ್ಯಯನ ಇದೆ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಬುದ್ಧಿ ಪರೀಕ್ಷೆ ಕೊಟ್ಟರು. ಒಂದು ಸಲ ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ. ಇನ್ನೊಂದು ಸಲ ಕಟಾವಾಗಿ ಹಣ ಬಂದ ಮೇಲೆ. ಅದೇ ರೈತ, ಅದೇ ತಲೆ, ಆದರೆ ಹಣ ಬರೋ ಮುಂಚಿನ ಅಂಕಗಳು ಕಡಿಮೆ. 2013ರಲ್ಲಿ ಇದು ಪ್ರಕಟವಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಿನ್ನೆಲೆಯಲ್ಲಿ ‘ಸಾಲ’ ಅನ್ನೋ ಒಂದು ಪ್ರೋಗ್ರಾಂ ಸದಾ ಓಡ್ತಾ ಇರುತ್ತೆ, ಉಳಿದ ಕೆಲಸಕ್ಕೆ ರ್‍ಯಾಮ್ ಸಾಲಲ್ಲ. ಆ ಎರಡು ವರ್ಷ ಊರಿಗೆ ಊರೇ ಕಟಾವಿಗೆ ಮುಂಚಿನ ಸ್ಥಿತಿಯಲ್ಲಿತ್ತು. ಮನೆಯಲ್ಲಿ ಸಣ್ಣಪುಟ್ಟದಕ್ಕೆಲ್ಲ ಜಗಳ, ಕುಡಿತ, ಹೆಂಗಸರ ಮೇಲೆ ಕೈ ಮಾಡೋದು – ಇದನ್ನೆಲ್ಲ ‘ಕೆಟ್ಟ ಸ್ವಭಾವ’ ಅಂತ ಮಾತ್ರ ನೋಡಿದರೆ ಅರ್ಧ ಕಥೆ ಬಿಟ್ಟ ಹಾಗೆ. ಹಾಗಂತ ಹೊಡೆದವರಿಗೆ ಇದು ಕ್ಷಮೆಯೂ ಅಲ್ಲ.

ಸಾಲ ಇದ್ದಾಗ ಮೊದಲೆಲ್ಲ ಏನ್ ಮಾಡ್ತಿದ್ರು? ನಾಲ್ಕು ಜನರ ಹತ್ರ ಹೇಳ್ಕೊಳ್ತಿದ್ರು. ಈಗ ಆ ನಾಲ್ಕು ಜನರೇ ದೂರ ಸರಿದರು. ಹಾಸನ ಜಿಲ್ಲೆ 2020ರ ಮೇ ಎರಡನೇ ವಾರದವರೆಗೆ ಒಂದೂ ಕೇಸ್ ಇಲ್ಲದ ಹಸಿರು ವಲಯ. ಆಮೇಲೆ ಮುಂಬೈಯಿಂದ ಚನ್ನರಾಯಪಟ್ಟಣಕ್ಕೆ ಬಂದವರಲ್ಲಿ ಮೊದಲ ಕೇಸ್‌ಗಳು ಸಿಕ್ಕವು. ಅಲ್ಲಿಂದ ಮುಂದೆ ‘ಬಾಂಬೆಯವರು’ ಅನ್ನೋದೇ ಒಂದು ಬೈಗುಳದ ಥರ ಆಯಿತು. ನಮ್ಮದೇ ಜನ, ಹೊಟ್ಟೆಪಾಡಿಗೆ ಹೋದವರು. ಕ್ವಾರಂಟೈನ್ ಆದವರ ಕೈಗೆ ಸೀಲು, ಮನೆ ಬಾಗಿಲಿಗೆ ನೋಟಿಸು. ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿಯನ್ನು ನಮ್ಮ ರಾಜ್ಯದಲ್ಲಿ 2020ರ ಮಾರ್ಚ್‌ನಲ್ಲಿ ಬಹಿರಂಗವಾಗಿಯೇ ಪ್ರಕಟಿಸಿದ್ದರು. ಹೀಗೆ ಬಾಗಿಲಿಗೆ ಪೋಸ್ಟರ್ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಆಗೋದೆಲ್ಲ ಆಗಿತ್ತು.

ಸಿಟಿಯಲ್ಲಿ ಪಕ್ಕದ ಮನೆಯವರು ಮಾತು ಬಿಟ್ಟರೆ ಬೇಜಾರಾಗುತ್ತೆ, ಅಷ್ಟೇ. ಹಳ್ಳಿಯಲ್ಲಿ ಮಾತು ಬಿಟ್ಟರೆ ಬದುಕೇ ನಿಲ್ಲುತ್ತೆ. ಇಲ್ಲಿ ಕೆಲಸ ನಡೆಯೋದೇ ಮುಯ್ಯಾಳಿನ ಮೇಲೆ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಡೈರಿ ಸಾಲಿನಲ್ಲಿ ಒಬ್ಬರ ಹಿಂದೆ ನಿಲ್ಲೋಕೆ ಜನ ಹಿಂಜರಿದರೆ ಆ ಮನೆಯವರು ಮಾರನೇ ದಿನ ಹಾಲಿನ ಕ್ಯಾನು ಹಿಡಿದು ಹೊರಗೆ ಬರಲ್ಲ. ಅದಕ್ಕೇ ಜ್ವರ ಬಂದರೂ ಮುಚ್ಚಿಡೋದು, ಟೆಸ್ಟ್ ಮಾಡಿಸದೆ ಮಾತ್ರೆ ನುಂಗೋದು. ಜನ ದಡ್ಡರು ಅಂತ ನಾವು ಬೈದಿದ್ದೇ ಬೈದಿದ್ದು. ಅವರ ಲೆಕ್ಕ ಸರಿಯಾಗೇ ಇತ್ತು: ರೋಗ ಹದಿನಾಲ್ಕು ದಿನ, ಹೆಸರು ಹದಿನಾಲ್ಕು ವರ್ಷ.

ಇನ್ನು ಸಾವು. ‘ತಿಥಿ’ ಸಿನಿಮಾ ನೋಡಿದವರಿಗೆ ಗೊತ್ತು, ನಮ್ಮ ಕಡೆ ಹನ್ನೊಂದನೇ ದಿನ ಅಂದರೆ ಊಟ ಮಾತ್ರ ಅಲ್ಲ, ಅದೊಂದು ದೊಡ್ಡ ವ್ಯವಸ್ಥೆ. ಸತ್ತ ದಿನದಿಂದ ಹಿಡಿದು ಹಾಲು–ತುಪ್ಪ, ತಿಥಿ ತನಕ ಮನೆಗೆ ಜನ ಬರ್ತಾನೇ ಇರ್ತಾರೆ. ಬಂದವರೆಲ್ಲ ಕೇಳೋದು ಒಂದೇ ಪ್ರಶ್ನೆ, ‘ಏನಾಗಿತ್ತು?’ ಮನೆಯವರು ಮೊದಲಿಂದ ಹೇಳ್ತಾರೆ. ಇನ್ನೊಬ್ಬರು ಬರ್ತಾರೆ, ಮತ್ತೆ ಮೊದಲಿಂದ. ಚಿಕ್ಕವನಿದ್ದಾಗ ನನಗೆ ಇದು ಹಿಂಸೆ ಅನಿಸ್ತಿತ್ತು, ಯಾಕಪ್ಪಾ ಕೆದಕ್ತಾರೆ ಅಂತ. ಈಗ ಅನಿಸುತ್ತೆ, ನೂರು ಸಲ ಹೇಳಿದಾಗಲೇ ಅದು ‘ಆಗಿ ಹೋದ ಕಥೆ’ ಆಗೋದು. ದುಡ್ಡು ಕೊಟ್ಟು ಕೌನ್ಸೆಲರ್ ಹತ್ರ ಹೋದರೆ ಅವರು ಮಾಡಿಸೋದೂ ಹೆಚ್ಚು ಕಡಿಮೆ ಇದನ್ನೇ.

2021ರ ಮೇನಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಮುಖ ನೋಡಿದ್ದು ದೂರದಿಂದ, ಪ್ಲಾಸ್ಟಿಕ್ ಒಳಗೆ. ಮಣ್ಣಿಗೆ ಹೋದವರು ನಾಲ್ಕು ಜನ. ಹನ್ನೊಂದನೇ ದಿನ ಮನೆಯವರಷ್ಟೇ ಎಡೆ ಇಟ್ಟರು. ಬಾಗಿಲಿಗೆ ಬಂದು ‘ಏನಾಗಿತ್ತು’ ಅಂತ ಕೇಳಿದವರು ಒಬ್ಬರೂ ಇಲ್ಲ, ಬರೋ ಹಾಗೂ ಇರಲಿಲ್ಲ. ದೊಡ್ಡಮ್ಮ ಅತ್ತಿದ್ದು ನಾನು ನೋಡಲಿಲ್ಲ. ಎರಡು ತಿಂಗಳ ಮೇಲೆ ಎದೆ ಉರಿ ಶುರುವಾಯಿತು. ಬೇಲೂರು ಆಯ್ತು, ಹಾಸನ ಆಯ್ತು, ಎಂಡೋಸ್ಕೋಪಿನೂ ಆಯ್ತು. ಎಲ್ಲಾ ನಾರ್ಮಲ್.

ಇದು ಒಂದು ಮನೆಯದಲ್ಲ. ಆ ವರ್ಷ ಜೂನ್‌ನಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ತಗೊಂಡು ಹೋಗದೆ ಉಳಿದಿದ್ದ ನೂರಾರು ಜನರ ಅಸ್ಥಿಯನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ ಬಿಟ್ಟರು. ಟಿವಿಯಲ್ಲಿ ನೋಡಿದವರು ‘ಎಂಥಾ ಮಕ್ಕಳಪ್ಪಾ’ ಅಂದರು. ಅವರಲ್ಲಿ ಎಷ್ಟು ಮಕ್ಕಳು ತಾವೇ ಆಸ್ಪತ್ರೆಯಲ್ಲಿದ್ದರೋ! ದೂರದ ಲೈಬೀರಿಯಾದಲ್ಲೂ ಹೀಗೇ ಆಗಿತ್ತು. 2014ರಲ್ಲಿ ಎಬೋಲಾ ಬಂದಾಗ ಸರ್ಕಾರ ರಾಜಧಾನಿ ಮನ್ರೋವಿಯಾದಲ್ಲಿ ಶವಗಳನ್ನು ಸುಡಲೇಬೇಕು ಅಂತ ಆದೇಶ ಮಾಡಿತು. ಅಲ್ಲಿ ಹೂಳೋದು ಪದ್ಧತಿ, ಸುಡೋದು ಅಂದ್ರೆ ಸತ್ತವರಿಗೆ ಅವಮಾನ. ಜನ ರೋಗಿಗಳನ್ನೇ ಬಚ್ಚಿಡೋಕೆ ಶುರು ಮಾಡಿದರು. ಕೊನೆಗೆ ಸರ್ಕಾರವೇ ಸುರಕ್ಷಿತವಾಗಿ, ಮರ್ಯಾದೆಯಿಂದ ಹೂಳೋಕೆ ಪ್ರತ್ಯೇಕ ಜಾಗ ಮಾಡಿತು. ಮರ್ಯಾದೆಯೂ ಚಿಕಿತ್ಸೆಯ ಭಾಗ ಅನ್ನೋದು ಅಲ್ಲಿ ಕಷ್ಟಪಟ್ಟು ಕಲಿತ ಪಾಠ.

ನಮ್ಮ ಕಡೆಗೆ ಮಹಾಮಾರಿ ಹೊಸದೇನಲ್ಲ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಆಮೇಲೆ ಮೈಸೂರು ಸೀಮೆಯ ಹಳ್ಳಿಗಳನ್ನು ದಶಕಗಳ ಕಾಲ ಕಾಡಿತು. ಎಸ್.ಎಲ್. ಭೈರಪ್ಪನವರು ನಮ್ಮ ಜಿಲ್ಲೆಯ ಸಂತೇಶಿವರದವರು, ಬಾಲ್ಯದಲ್ಲೇ ಮನೆಯವರನ್ನು ಪ್ಲೇಗ್‌ಗೆ ಕಳೆದುಕೊಂಡವರು. ಅವರ ‘ಗೃಹಭಂಗ’ ಓದಿದವರಿಗೆ ಆ ಕಾಲದ ಚಿತ್ರ ಗೊತ್ತಿರುತ್ತೆ. ಇಲಿ ಬಿತ್ತು ಅಂದರೆ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಬಯಲಲ್ಲಿ ಶೆಡ್ ಹಾಕಿಕೊಂಡು ಇರ್ತಿತ್ತು. ಸಾವು ಆಗ ಇನ್ನೂ ಜಾಸ್ತಿ, ಔಷಧಿ ಇನ್ನೂ ಕಡಿಮೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಪ್ಲೇಗ್‌ನಲ್ಲಿ ಊರು ಒಟ್ಟಿಗೆ ಹೊರಗೆ ಹೋಯಿತು, ಕೊರೊನಾದಲ್ಲಿ ಒಬ್ಬೊಬ್ಬರೇ ಒಳಗೆ ಹೋದರು. ವೈರಸ್ ಗಾಳಿಯಲ್ಲಿ ಹರಡುತ್ತೆ, ಆದ್ದರಿಂದ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ 2020ರ ಚೈತ್ರದಲ್ಲಿ ಬೇಲೂರು ಚೆನ್ನಕೇಶವನ ತೇರಿಗೆ ಜನ ಸೇರುವ ಹಾಗಿಲ್ಲ ಅಂದಾಗ ನಮ್ಮಜ್ಜಿ ಹೆದರಿದಷ್ಟು ವೈರಸ್‌ಗೆ ಹೆದರಿರಲಿಲ್ಲ.

ಮಕ್ಕಳ ವಿಷಯ ಎಲ್ಲರಿಗೂ ಗೊತ್ತಿರೋದೇ. ಇಂಗ್ಲಿಷ್ ಮೀಡಿಯಂನ ನಮಗೆ ಆನ್‌ಲೈನ್ ಕ್ಲಾಸ್ ಆಯಿತು, ಸಿಗ್ನಲ್‌ಗೋಸ್ಕರ ಟೆರೇಸ್ ಹತ್ತಿದ್ದಷ್ಟೇ ಕಷ್ಟ. ಸರ್ಕಾರಿ ಶಾಲೆಯ ಮಕ್ಕಳಿಗೆ ಮೇಷ್ಟ್ರುಗಳು ‘ವಿದ್ಯಾಗಮ’ ಅಂತ ದೇವಸ್ಥಾನದ ಅಂಗಳ, ಅರಳಿ ಕಟ್ಟೆ ಮೇಲೆ ಪಾಠ ಮಾಡಿದರು. 2020ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ಕ್ಲಾಸಿನವರಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಶುಂಠಿ ಹೊಲದ ಕೂಲಿ ರುಚಿ ನೋಡಿದ ಕೆಲವು ಹುಡುಗರು ವಾಪಸ್ ಬರಲಿಲ್ಲ. ಕೆಲವು ಹುಡುಗಿಯರ ಮದುವೆ ಐವತ್ತು ಜನರಲ್ಲಿ, ಕಡಿಮೆ ಖರ್ಚಿನಲ್ಲಿ ಮುಗಿದೇ ಹೋಯಿತು.

ಹಾಗಾದ್ರೆ ಸಹಾಯ ಎಲ್ಲಿಂದ ಬರಬೇಕು? ನಿಮ್ಹಾನ್ಸ್ 2015–16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮಾನಸಿಕ ತೊಂದರೆ ಇರುವ 100 ಜನರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಗ್ತಿರಲಿಲ್ಲ. ಇದು ಕೊರೊನಾಗಿಂತ ಮುಂಚಿನ ಮಾತು. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಎಲ್ಲಾ ಊರಿಗೂ ಡಾಕ್ಟರ್ ಬರಲಿ ಅಂತ ಕಾಯ್ತಾ ಕೂತರೆ ನಮ್ಮ ಮೊಮ್ಮಕ್ಕಳ ಕಾಲವೂ ಮುಗಿಯುತ್ತೆ.

ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ರಾಜ್ಯವೇ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆ ಗುರುತಿಸಿ ಅಲ್ಲೇ ನೋಡಿಕೊಳ್ಳುವ ಪ್ರಯೋಗ ಮಾಡಿದರು. ಇವತ್ತು ದೇಶದ ತುಂಬ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೂಲ ಅದೇ. ಜಿಂಬಾಬ್ವೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಡಿಕ್ಸನ್ ಚಿಬಾಂಡಾ ಅನ್ನೋ ಮನೋವೈದ್ಯರು 2006ರಲ್ಲಿ ಊರಿನ ಅಜ್ಜಿಯರಿಗೇ ತರಬೇತಿ ಕೊಟ್ಟು ಆಸ್ಪತ್ರೆ ಹೊರಗೆ ಒಂದು ಬೆಂಚು ಹಾಕಿಸಿದರು. ಬಂದವರ ಜೊತೆ ಅಜ್ಜಿ ಬೆಂಚಿನ ಮೇಲೆ ಕೂತು ಮಾತಾಡ್ತಾರೆ, ಒಂದೊಂದೇ ಸಮಸ್ಯೆ ಹಿಡಿದು ದಾರಿ ಹುಡುಕ್ತಾರೆ. ಆರು ತಿಂಗಳಲ್ಲಿ ಜನರ ಲಕ್ಷಣಗಳು ಕಡಿಮೆಯಾಗಿದ್ದನ್ನು 2016ರಲ್ಲಿ ಅಧ್ಯಯನ ಮಾಡಿ ತೋರಿಸಿದರು. ಅಲ್ಲಿನ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ ‘ಕುಫುಂಗಿಸಿಸಾ’ ಅಂತಾರೆ. ಅರ್ಥ ಏನು ಗೊತ್ತಾ? ಯೋಚನೆ ಜಾಸ್ತಿ!

ನಮ್ಮಲ್ಲಿ ಆ ಅಜ್ಜಿಯ ಜಾಗದಲ್ಲಿ ನಿಲ್ಲಬಲ್ಲವರು ಆಶಾ ಕಾರ್ಯಕರ್ತೆಯರು. ಎಲ್ಲರೂ ಬಾಗಿಲು ಹಾಕಿಕೊಂಡಾಗ ಬಾಗಿಲು ತಟ್ಟಿದವರು ಅವರೊಬ್ಬರೇ. ರಾಜ್ಯದ ಸುಮಾರು 42 ಸಾವಿರ ಆಶಾಗಳು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಜ್ವರ ನೋಡು, ಪಟ್ಟಿ ಬರಿ, ಬೈಸಿಕೊ, ಜೊತೆಗೆ ಮನಸ್ಸನ್ನೂ ನೋಡು ಅಂದ್ರೆ ಯಾರು ಮಾಡ್ತಾರೆ? ಅದಕ್ಕೆ ತರಬೇತಿ ಬೇಕು, ಸಂಬಳವೂ ಬೇಕು.

ಸದ್ಯಕ್ಕೆ ಇರೋದು ಟೆಲಿ ಮಾನಸ್. 2022ರ ಅಕ್ಟೋಬರ್ 10ಕ್ಕೆ ಶುರುವಾಯಿತು, ನಂಬರ್ 14416. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು. ತೊಂದರೆ ಇಷ್ಟೇ: ಎರಡು ಕೋಣೆಯ ಮನೆಯಲ್ಲಿ ಏಳು ಜನ ಇರುವಾಗ ಯಾರಿಗೂ ಕೇಳದ ಹಾಗೆ ಮಾತಾಡೋದು ಎಲ್ಲಿ? ಹಾಗಾಗಿ ರಜಕ್ಕೆ ಊರಿಗೆ ಹೋದಾಗ ಮನೆಯವರಿಗೆ ನಂಬರ್ ಕೊಡೋದಷ್ಟೇ ಸಾಲದು, ತೋಟದ ಕಡೆ ಕರೆದುಕೊಂಡು ಹೋಗಿ, ಫೋನ್ ಹಚ್ಚಿ ಕೊಟ್ಟು, ಸ್ವಲ್ಪ ದೂರ ಹೋಗಿ ನಿಲ್ಲಬೇಕು. ದೊಡ್ಡಮ್ಮ ಮೊದಲ ಸಲ ಮಾತಾಡಿದ್ದು ನಲವತ್ತು ನಿಮಿಷ.