ಗುರುಗಳನ್ನು ಕರೆಯಲು ತಡವೇಕೆ?

ನಡುರಾತ್ರಿ ಗುರುಮನೆಯ ದೂರವಾಣಿ ಮೊಳಗಿದರೆ ವಿಷಯವೇನೆಂದು ನಾವು ಬಲ್ಲೆವು. "ಫಾದರ್, ಅಪ್ಪನಿಗೆ ಪ್ರಜ್ಞೆಯಿಲ್ಲ, ಬೇಗ ಬನ್ನಿ." ನಾವು ಧಾವಿಸುತ್ತೇವೆ, ಎಣ್ಣೆ ಲೇಪಿಸಿ ಪ್ರಾರ್ಥಿಸುತ್ತೇವೆ. ಆದರೆ ಪಾಪನಿವೇದನೆಗೆ ಅವರಲ್ಲಿ ಮಾತಿಲ್ಲ. ಪರಮಪ್ರಸಾದ ಸ್ವೀಕರಿಸುವ ಶಕ್ತಿಯಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರೂ ಮೊದಲೇ ಏಕೆ ತಿಳಿಸಲಿಲ್ಲವೆಂದು ಕೇಳಿದರೆ ಉತ್ತರ ಒಂದೇ: "ತಮ್ಮನ್ನು ಕಂಡರೆ ಹೆದರಿಕೊಳ್ಳುತ್ತಾರೆಂದು."

ಈ ಭಯಕ್ಕೆ 'ಅಂತ್ಯಾಭ್ಯಂಗ' ಎಂಬ ಹಳೆಯ ಹೆಸರೂ ಒಂದು ಕಾರಣ. ಎರಡನೇ ವ್ಯಾಟಿಕನ್ ಮಹಾಸಭೆಯು 1963ರಲ್ಲೇ 'ರೋಗಿಗಳ ಅಭ್ಯಂಗ' ಎಂಬ ಹೆಸರು ಹೆಚ್ಚು ಯುಕ್ತವೆಂದಿತು. 1972ರಲ್ಲಿ ಪೋಪ್ ಆರನೇ ಪೌಲರು ಅದರ ವಿಧಿಯನ್ನು ನವೀಕರಿಸಿದರು. ಗಂಭೀರವಾಗಿ ಅಸ್ವಸ್ಥರಾದವರು ಮಾತ್ರವಲ್ಲ, ಮುಪ್ಪಿನಿಂದ ಬಹಳ ಕೃಶರಾದವರೂ ಇದನ್ನು ಪಡೆಯಬಹುದು. ರೋಗ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಅಗಲುವವರಿಗೆ ಧರ್ಮಸಭೆ ನೀಡುವ ಕೊನೆಯ ಸಂಸ್ಕಾರ ಎಣ್ಣೆಯಲ್ಲ, ದಾರಿಬುತ್ತಿಯಾದ ಪರಮಪ್ರಸಾದ.

ಒಮ್ಮೆ ಒಬ್ಬ ಅಜ್ಜಿಯನ್ನು ನೋಡಲು ಹೋದಾಗ, "ಕಾಯಿಲೆಯ ವಿಚಾರ ಎತ್ತಬೇಡಿ" ಎಂದು ಮಕ್ಕಳು ಬಾಗಿಲಲ್ಲೇ ಬೇಡಿಕೊಂಡರು. ಒಳಗೆ ಅಜ್ಜಿ ನಮ್ಮ ಕೈಹಿಡಿದು, "ನಾನು ಹೊರಟಿದ್ದೇನೆಂದು ನನಗೆ ಗೊತ್ತು ಸ್ವಾಮಿ. ಹೇಳಿದರೆ ಮಕ್ಕಳು ಅಳುತ್ತಾರೆಂದು ಸುಮ್ಮನಿದ್ದೇನೆ" ಎಂದರು. ಪರಸ್ಪರ ಪ್ರೀತಿಯಿಂದಲೇ ಎರಡು ಕಡೆಯೂ ಮೌನ! ಅಜ್ಜಿಯ ಒಪ್ಪಿಗೆ ಪಡೆದು ಮಕ್ಕಳನ್ನು ಒಳಗೆ ಕರೆದೆವು. ಆಸ್ತಿ ಪಾಲಾದಂದಿನಿಂದ ಮಾತು ಬಿಟ್ಟಿದ್ದ ಇಬ್ಬರು ಗಂಡುಮಕ್ಕಳು ಅಂದು ಒಂದೇ ಮಂಚದ ಅಂಚಿನಲ್ಲಿ ಕುಳಿತು ಅತ್ತರು. ಮನೆಮಂದಿಯ ನಡುವೆಯೇ ಅಭ್ಯಂಗ ನಡೆಯಿತು. ಕೊನೆಯ ದಿನ ಪರಮಪ್ರಸಾದದ ಚಿಕ್ಕ ತುಣುಕನ್ನು ಒಂದು ಚಮಚ ನೀರಿನೊಡನೆ ಸ್ವೀಕರಿಸಿ ಅಜ್ಜಿ ಕಣ್ಮುಚ್ಚಿದರು.

ಸತ್ಯವನ್ನು ಒರಟಾಗಿ ಹೇಳಬೇಕಿಲ್ಲ. ಅವರು ಕೇಳಿದಾಗ ಸುಳ್ಳಾಡದಿದ್ದರೆ ಸಾಕು. ಸಾವು ಸನಿಹವಿರುವಾಗ ಫಲವಿಲ್ಲದ, ಹೊರೆಯಾದ ಚಿಕಿತ್ಸೆಯನ್ನು ಬಿಡುವುದು ಪಾಪವಲ್ಲವೆಂದು 1980ರಲ್ಲಿ ವ್ಯಾಟಿಕನ್ ಘೋಷಿಸಿದೆ. ಆದರೆ ಆರೈಕೆಯನ್ನು ಎಂದಿಗೂ ಬಿಡುವಂತಿಲ್ಲ: ನೋವಿನ ಶಮನ, ಒದ್ದೆ ತುಟಿ, ಶುಭ್ರ ಹಾಸಿಗೆ, ಪಕ್ಕದಲ್ಲೊಬ್ಬರು.

ಆ ಪಕ್ಕದಲ್ಲಿರುವವರನ್ನೂ ಮರೆಯದಿರೋಣ. ಹೆಚ್ಚಿನ ಮನೆಗಳಲ್ಲಿ ಅದು ನಿದ್ದೆಗೆಟ್ಟ ಸೊಸೆ ಅಥವಾ ಮಗಳು. ನೆರೆಯವರು ಹಣ್ಣು ತಂದು ಹೋಗುವುದಕ್ಕಿಂತ, ಒಂದು ಸಂಜೆ ರೋಗಿಯ ಬಳಿ ಜಪಮಾಲೆ ಹಿಡಿದು ಕುಳಿತು ಆಕೆಯನ್ನು ಮಲಗಲು ಕಳುಹಿಸುವುದು ದೊಡ್ಡ ಪುಣ್ಯಕಾರ್ಯ.

ಪ್ರಿಯ ಕುಟುಂಬಗಳೇ, ಹಿರಿಯರು ಮಾತನಾಡಬಲ್ಲಾಗಲೇ ನಮ್ಮನ್ನು ಕರೆಯಿರಿ. ನಾವು ಮರಣದ ದೂತರಾಗಿ ಬರುವುದಿಲ್ಲ. ಅವರ ಮಾತು ಕೇಳಲು ಬರುತ್ತೇವೆ.