ಕೂಲಿಕಾರರ ಅಡುಗೆಮನೆ ದುಬಾರಿಯಾದ ಕಥೆ

ಮಾಡ್ಯುಲರ್ ಕಿಚನ್ ಎಂದರೆ ಶೋರೂಮಿನ ಹೊಳಪು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರು, ಕೊಟೇಶನ್ನಿನ ಕೊನೆಯ ಸಾಲಿನಲ್ಲಿ ಎದೆ ಝಲ್ಲೆನ್ನಿಸುವ ಮೊತ್ತ. ಅಡುಗೆಮನೆ ಹೊಸದು ಮಾಡಿಸುವ ಮಾತು ಎಷ್ಟೋ ಮನೆಗಳಲ್ಲಿ ಆ ಸಾಲಿಗೆ ಬಂದು ನಿಂತುಬಿಡುತ್ತದೆ. ಆದರೆ ಈ ಬಗೆಯ ಅಡುಗೆಮನೆ ಹುಟ್ಟಿದ್ದು ಬಂಗಲೆಗಳಲ್ಲಲ್ಲ. ಜಾಗವೂ ಸಾಲದ, ದುಡ್ಡೂ ಸಾಲದ ಕೂಲಿಕಾರರ ಬಾಡಿಗೆ ಮನೆಗಳಲ್ಲಿ.

ಫ್ರಾಂಕ್‌ಫರ್ಟ್, 1926

ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ನಗರಗಳಲ್ಲಿ ಮನೆಗಳಿಗೆ ಬರ ಬಂದಿತ್ತು. ಫ್ರಾಂಕ್‌ಫರ್ಟ್ ನಗರಾಡಳಿತ ವಾಸ್ತುಶಿಲ್ಪಿ ಅರ್ನ್ಸ್ಟ್ ಮಾಯ್ ಅವರ ಮುಂದಾಳತ್ವದಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಸಾಲುಸಾಲಾಗಿ ಕಟ್ಟಲು ಹೊರಟಿತು. ಮನೆಯೇ ಚಿಕ್ಕದು, ಅದರಲ್ಲಿ ಅಡುಗೆಗೆ ಎಷ್ಟು ಜಾಗ ಬಿಡಬೇಕು? ಈ ಲೆಕ್ಕ ಬಿಡಿಸುವ ಕೆಲಸ ವಿಯೆನ್ನಾದಿಂದ ಬಂದ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಅವರ ಪಾಲಿಗೆ ಬಂತು. ಅಡುಗೆ ಮಾಡುವವರು ದಿನಕ್ಕೆ ಎಷ್ಟು ಹೆಜ್ಜೆ ನಡೆಯುತ್ತಾರೆ, ಯಾವ ಹೆಜ್ಜೆ ವ್ಯರ್ಥ ಎಂದು ಅಮೆರಿಕದ ಕ್ರಿಸ್ಟೀನ್ ಫ್ರೆಡೆರಿಕ್ ನಕ್ಷೆ ಬರೆದು ತೋರಿಸಿದ್ದ ಬರಹಗಳನ್ನು ಅವರು ಓದಿದ್ದರು. ಕಿರಿದಾದ ಡಬ್ಬಿಯಲ್ಲಿ ನೂರಾರು ಜನರಿಗೆ ಊಟ ತಯಾರಿಸುವ ರೈಲಿನ ಅಡುಗೆಮನೆಯೂ ಅವರಿಗೆ ಮಾದರಿಯಾಯಿತು.

ಅವರು ಕೊಟ್ಟ ಉತ್ತರ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಕೋಣೆ. ನಮ್ಮ ಲೆಕ್ಕದಲ್ಲಿ ಸುಮಾರು 70 ಚದರಡಿ. ಕಿಟಕಿಯ ಬೆಳಕು ಬೀಳುವಲ್ಲಿ ತರಕಾರಿ ಹೆಚ್ಚುವ ಹಲಗೆ, ಕೂತು ಹೆಚ್ಚಲು ತಿರುಗುವ ಸ್ಟೂಲು, ಅಕ್ಕಿ ಸಕ್ಕರೆಗೆ ಹೆಸರು ಬರೆದ ಅಲ್ಯುಮಿನಿಯಂ ಡಬ್ಬಿಗಳು, ಗೋಡೆಗೆ ಮಡಚಿಟ್ಟು ಬೇಕಾದಾಗ ಇಳಿಸುವ ಇಸ್ತ್ರಿ ಹಲಗೆ. ಹಿಟ್ಟಿಗೆ ಹುಳು ಬೀಳದಂತೆ ಅದರ ಡ್ರಾಯರುಗಳಿಗೆ ಓಕ್ ಮರ. ನೊಣ ಬರುವುದಿಲ್ಲ ಎಂಬ ನಂಬಿಕೆಯಿಂದ ಎಲ್ಲಕ್ಕೂ ನೀಲಿ-ಹಸಿರು ಬಣ್ಣ. ಒಂದೇ ಅಳತೆಯಲ್ಲಿ ಸುಮಾರು 10,000 ಮನೆಗಳಿಗೆ ಮಾಡಿಸಿದ್ದರಿಂದಲೇ ಬೆಲೆ ಕೈಗೆಟುಕಿತು. ಬಿಡಿ ಬಿಡಿ ಘಟಕಗಳನ್ನು ನಿಗದಿತ ಅಳತೆಯಲ್ಲಿ ತಯಾರಿಸಿ ಜೋಡಿಸುವ ಇಂದಿನ ಪದ್ಧತಿಯ ಬೇರು ಇದೇ. ಕೂಲಿಕಾರರಿಗೆಂದು ಮಾಡಿದ ಆ ಅಡುಗೆಮನೆಯ ಒಂದು ಮಾದರಿ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ.

ಕೊರತೆ ಇರಲಿಲ್ಲವೆಂದಲ್ಲ. ಅದು ಒಬ್ಬರು ಮಾತ್ರ ನಿಂತು ಕೆಲಸ ಮಾಡಬಹುದಾದ ಕೋಣೆ. ಇನ್ನೊಬ್ಬರು ಒಳಗೆ ಬಂದರೆ ಮೊಣಕೈ ತಾಗುತ್ತಿತ್ತು. ಅದನ್ನು ರೂಪಿಸುವ ತನಕ ತಾನು ಅಡುಗೆಯನ್ನೇ ಮಾಡಿರಲಿಲ್ಲವೆಂದು ಲಿಹೊಟ್ಸ್ಕಿ ಇಳಿವಯಸ್ಸಿನಲ್ಲಿ ಹೇಳಿಕೊಂಡಿದ್ದರು.

ನಮ್ಮ ಒಲೆ ಮೇಲೆದ್ದದ್ದು

ಕರ್ನಾಟಕದ ಅಡುಗೆಮನೆ ಬಂದ ದಾರಿ ಬೇರೆ. ಇಲ್ಲಿ ಒಲೆ ನೆಲದಲ್ಲಿತ್ತು. ಈಳಿಗೆಮಣೆ, ಒರಳು, ಬೀಸುವ ಕಲ್ಲು ಎಲ್ಲವೂ ಕೂತು ಮಾಡುವ ಕೆಲಸದವು. ಸೌದೆ ಒಲೆಗೆ ಕೂತೇ ಉರಿ ಹಾಕಬೇಕು, ಊದುಕೊಳವೆಯಲ್ಲಿ ಊದಬೇಕು. ಹೊಗೆ ಸೂರಿನ ಸಂದಿಯಿಂದ ತಾನಾಗಿ ದಾರಿ ಹುಡುಕಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಈ ಹೊಗೆಯ ಮೇಲೆ ಕೆಲಸ ಮಾಡಿ, ಕಡಿಮೆ ಸೌದೆಯಲ್ಲಿ ಮೂರು ಪಾತ್ರೆಗಳನ್ನು ಬೇಯಿಸುವ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ 'ಅಸ್ತ್ರ ಒಲೆ'ಯನ್ನು ರೂಪಿಸಿತು. 1980ರ ದಶಕದಲ್ಲಿ ಅದು ರಾಜ್ಯದ ಹಳ್ಳಿಗಳನ್ನು ತಲುಪಿತು.

ಅಡುಗೆಯವರನ್ನು ಎದ್ದು ನಿಲ್ಲಿಸಿದ್ದು ಮಾತ್ರ ಗ್ಯಾಸು. ಭಾರತದಲ್ಲಿ ಅಡುಗೆ ಅನಿಲದ ಮಾರಾಟ 1955ರಲ್ಲಿ ಮುಂಬೈಯಲ್ಲಿ ಶುರುವಾಯಿತು, ಇಂಡೇನ್‌ನ ಮೊದಲ ಸಂಪರ್ಕ 1965ರಲ್ಲಿ ಕೋಲ್ಕತ್ತದಲ್ಲಿ. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಸ್ಟೌ ಅದಕ್ಕಿಂತ ಮೇಲಿರಬೇಕು ಎಂಬುದು ಸುರಕ್ಷೆಯ ನಿಯಮ. ಸುಮಾರು ಎರಡು ಅಡಿ ಎತ್ತರದ ಸಿಲಿಂಡರ್ ಕೆಳಗೆ ಕೂತರೆ ಒಲೆ ತಾನಾಗಿ ಸೊಂಟದ ಮಟ್ಟಕ್ಕೆ ಬಂತು, ಕಟ್ಟೆ ಹುಟ್ಟಿತು. ಮಿಕ್ಸಿ ಬಂದು ಒರಳು ಹಿತ್ತಿಲಿಗೆ ಹೋಯಿತು, ನಲ್ಲಿ ಒಳಗೆ ಬಂದು ಸಿಂಕ್ ಕಟ್ಟೆಗೆ ಅಂಟಿಕೊಂಡಿತು. ಕಟ್ಟೆಗೆ ಮೊದಲು ಹಾಸಿದ್ದು ಅಗ್ಗದ ಕಡಪ ಕಲ್ಲು. ಅದು ಸುಣ್ಣಕಲ್ಲಿನ ಜಾತಿಯದು, ನಿಂಬೆ ಹಣ್ಣಿನ ರಸ, ಹುಣಸೆ ನೀರು ಬಿದ್ದಲ್ಲೆಲ್ಲ ಹೊಳಪು ಹೋಗಿ ಕಲೆಯಾಗುತ್ತದೆ. ಹುಳಿಗೆ ಜಗ್ಗದ ಗ್ರಾನೈಟು ಅದರ ಜಾಗ ಹಿಡಿದದ್ದು ಈ ಕಾರಣಕ್ಕೆ. ಚಾಮರಾಜನಗರದ ಕಪ್ಪು ಕಲ್ಲು, ಇಳಕಲ್ಲಿನ ಕೆಂಪು ಕಲ್ಲು ಇರುವ ನಾಡಿಗೆ ಅದು ದೂರದ ವಸ್ತುವೂ ಆಗಿರಲಿಲ್ಲ.

ಹೀಗೆ ಕಟ್ಟೆ, ಅದರ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆ, ಮೇಲೆ ಲಾಫ್ಟು ಇರುವ ಅಡುಗೆಮನೆ ನಮ್ಮ ಊರುಗಳಲ್ಲಿ ನೆಲೆಯಾಯಿತು. ಇಂದು ನಾವು ಹೊಸದು ಮಾಡಿಸಲು ಹೊರಟಿರುವುದು ಬಹುಪಾಲು ಇಂಥ ಅಡುಗೆಮನೆಗಳನ್ನೇ.

ಚದರಡಿಯ ಲೆಕ್ಕ

ಇಲ್ಲೇ ಬಜೆಟ್ಟಿನ ಮಾತು ಶುರು. ಬಹಳಷ್ಟು ಕಡೆ ಕ್ಯಾಬಿನೆಟ್ಟಿಗೆ ದರ ಹೇಳುವುದು ಮುಂಭಾಗದ ಚದರಡಿ ಮೇಲೆ. ಹತ್ತು ಅಡಿ ಉದ್ದದ ಕಟ್ಟೆಯ ಕೆಳಗೆ ಎರಡೂಮುಕ್ಕಾಲು ಅಡಿ ಎತ್ತರದ ಕ್ಯಾಬಿನೆಟ್ ಎಂದರೆ 27.5 ಚದರಡಿ, ಮೇಲೆ ಅಷ್ಟೇ ಉದ್ದಕ್ಕೆ ಎರಡಡಿ ಎತ್ತರದ್ದು ಸೇರಿಸಿದರೆ ಇನ್ನೊಂದು 20. ಲೆಕ್ಕ ಸರಳ, ಆದರೆ ಹಿಂಜು, ಚಾನೆಲ್ಲು, ಹಿಡಿ, ತಂತಿ ಬಾಸ್ಕೆಟ್ಟು, ಲಾಫ್ಟಿನ ಬಾಗಿಲು ಆ ದರದೊಳಗಿವೆಯೋ ಹೊರಗಿವೆಯೋ ಎಂಬುದರ ಮೇಲೆ ಮೊತ್ತ ಏರಿಳಿಯುತ್ತದೆ. ಎರಡು ಕೊಟೇಶನ್ ಹೋಲಿಸುವ ಮುನ್ನ ಎರಡರಲ್ಲೂ ಒಂದೇ ಪಟ್ಟಿ ಇದೆಯೇ ನೋಡಬೇಕು.

ಕಡಪ ಕಲ್ಲಿನ ಅಡ್ಡಗೋಡೆ ಗಟ್ಟಿಯಿದ್ದರೆ ಅದನ್ನು ಒಡೆಯುವ ಅಗತ್ಯವೇ ಇಲ್ಲ. ಮುಂದೆ ಚೌಕಟ್ಟು ಕೂರಿಸಿ ಶಟರ್ ಹಾಕಿದರೆ ಪ್ಲೈವುಡ್ ಡಬ್ಬಿಯ ಖರ್ಚು ಪೂರಾ ಉಳಿಯುತ್ತದೆ. ಕಲ್ಲಿಗೆ ಗೆದ್ದಲಿಲ್ಲ, ನೀರಿನ ಭಯವಿಲ್ಲ. ತೊಡಕು ಒಂದೇ: ಕಲ್ಲು ಅಚ್ಚುಕಟ್ಟು ಮೂಲೆಮಟ್ಟದಲ್ಲಿರುವುದಿಲ್ಲ. ಹಾಗಾಗಿ ಒಂದೊಂದು ಶಟರನ್ನೂ ಬಡಗಿ ಅಲ್ಲೇ ಅಳೆದು ಮಾಡಬೇಕು, ಡ್ರಾಯರಿಗೆ ಒಳಗಡೆ ಪಕ್ಕದ ಹಲಗೆ ಕೊಡಬೇಕು. ಡ್ರಾಯರುಗಳೂ ಎಲ್ಲೆಡೆ ಬೇಕಿಲ್ಲ. ಸ್ಟೌ ಪಕ್ಕದಲ್ಲಿ ಸೌಟು, ಮಸಾಲೆ, ತಟ್ಟೆಗೆ ಮೂರು ಇದ್ದರೆ ದಿನದ ಮುಕ್ಕಾಲು ಪಾಲು ಬಗ್ಗುವಿಕೆ ತಪ್ಪುತ್ತದೆ.

ಹೊಸ ಡಬ್ಬಿಯೇ ಬೇಕಾದರೆ ಹಲಗೆಯ ಮೇಲಿನ ಮುದ್ರೆ ಓದಿ. ಐಎಸ್ 710 ಎಂದಿದ್ದರೆ ನೀರನ್ನು ಹೆಚ್ಚು ತಾಳುವ ಮರೀನ್ ಪ್ಲೈವುಡ್. ಅದು ಸಿಂಕ್ ಕೆಳಗೆ ಬೇಕು. ಉಳಿದ ಕಡೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಾಳುವ) ದರ್ಜೆ ಸಾಕು. ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಅಗ್ಗ, ನಿಜ. ನೀರು ಸುರಿದು ನೆಲ ತೊಳೆಯುವ ನಮ್ಮ ಅಭ್ಯಾಸದ ಮುಂದೆ ಅದರ ತಳ ಉಬ್ಬಲು ಹೆಚ್ಚು ಕಾಲ ಬೇಕಿಲ್ಲ.

ಕಾಣದ ಕೆಲಸ ಮೊದಲು

ದುಡ್ಡು ಸೋರುವ ದೊಡ್ಡ ದಾರಿ ಸಿಂಕನ್ನು ಜಾಗ ಬದಲಿಸುವುದು. ಕೊಳೆನೀರಿನ ಪೈಪಿಗೆ ಇಳಿಜಾರು ಬೇಕು; ನಾಲ್ಕಡಿ ಆಚೆ ಒಯ್ದರೂ ನೆಲ ಒಡೆಯಬೇಕಾಗಬಹುದು. ಅಪಾರ್ಟ್‌ಮೆಂಟಿನಲ್ಲಾದರೆ ಕೆಳಗಿನ ಮನೆಯವರ ಸೀಲಿಂಗಿಗೂ ಉತ್ತರ ಹೇಳಬೇಕು. ಸಿಂಕ್ ಇದ್ದಲ್ಲೇ ಇರಲಿ. ಫ್ರಿಜ್ಜು, ಸ್ಟೌ ಜಾಗ ಬದಲಿಸಲಿ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಯನದಿಂದ ಬಂದ ಸೂತ್ರ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ: ಒಲೆ, ಸಿಂಕ್, ಫ್ರಿಜ್ಜಿನ ನಡುವಿನ ತ್ರಿಕೋನ ತೀರಾ ಚಾಚಿಕೊಂಡಿರಬಾರದು, ತೀರಾ ಇಕ್ಕಟ್ಟೂ ಆಗಬಾರದು.

ಮುಂದಿನದು ವಯರಿಂಗ್. ಹಳೆಯ ಅಡುಗೆಮನೆಗೆ ಮಿಕ್ಸಿಗೆ ಒಂದು, ಫ್ರಿಜ್ಜಿಗೆ ಒಂದು ಪಾಯಿಂಟ್ ಇದ್ದರೆ ಹೆಚ್ಚು. ಇಂದು ಇಂಡಕ್ಷನ್, ಓವನ್, ನೀರು ಶುದ್ಧ ಮಾಡುವ ಯಂತ್ರ, ಗ್ರೈಂಡರ್ ಎಲ್ಲವೂ ಎಕ್ಸ್‌ಟೆನ್ಷನ್ ಬಾಕ್ಸಿಗೆ ಜೋತುಬೀಳುತ್ತವೆ. ಇಂಡಕ್ಷನ್, ಓವನ್ನಿನಂಥವಕ್ಕೆ 16 ಆಂಪಿಯರ್ ಸಾಕೆಟ್ಟು, ತಕ್ಕ ದಪ್ಪದ ವಯರು ಟೈಲ್ಸ್ ಅಂಟಿಸುವ ಮುಂಚೆಯೇ ಗೋಡೆಯೊಳಗೆ ಹೋಗಬೇಕು.

ಗ್ಯಾಸ್ ಸಿಲಿಂಡರನ್ನು ಶಟರ್ ಹಿಂದೆ ಇಡುವವರು ಒಂದು ಮಾತು ಮರೆಯಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ಆ ಶಟರಿನ ತಳದಲ್ಲಿ ಗಾಳಿಗಂಡಿ ಇರಲೇಬೇಕು. ಸ್ಟೌಗೆ ಹೋಗುವ ಕೊಳವೆ ಒಂದೂವರೆ ಮೀಟರಿಗಿಂತ ಉದ್ದ ಇರಬಾರದು, ಐದು ವರ್ಷಕ್ಕೊಮ್ಮೆ ಬದಲಾಗಬೇಕು.

ಅಳತೆ ಯಾರದು?

ಕಟ್ಟೆ ಎತ್ತರಿಸುವುದಾದರೆ ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳೆಯಬೇಕು. ಮೊಣಕೈ ಮಡಚಿದ ಮಟ್ಟಕ್ಕಿಂತ ನಾಲ್ಕು ಇಂಚು ಕೆಳಗಿದ್ದರೆ ಬೆನ್ನಿಗೂ ಭುಜಕ್ಕೂ ಹಿತ. ಐದಡಿ ಎತ್ತರದವರಿಗೆ ಅದು ಸುಮಾರು 33-34 ಇಂಚು ಬರುತ್ತದೆ. ಕೊಟೇಶನ್ನಿಗೆ ಸಹಿ ಹಾಕುವವರು ಒಬ್ಬರು, ಕಟ್ಟೆಯ ಮುಂದೆ ನಿಲ್ಲುವವರು ಇನ್ನೊಬ್ಬರು ಆಗಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಒಂದು ಕಡೆ ಫ್ರಿಜ್ಜಿನ ಬಾಗಿಲು ತೆರೆದಾಗಲೂ ಇಬ್ಬರು ಓಡಾಡುವಷ್ಟು ಜಾಗ ಉಳಿದರೆ ಅಡುಗೆ ಕೆಲಸ ಹಂಚಿಕೊಳ್ಳದಿರಲು ನೆಪವಾದರೂ ಒಂದು ಕಡಿಮೆಯಾಗುತ್ತದೆ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಕೆಲಸವನ್ನು ಎರಡು ಕಂತಿನಲ್ಲಿ ಮಾಡಿಸಬಹುದು. ಮೊದಲು ಪೈಪು, ವಯರು, ಸಿಂಕು, ಕಟ್ಟೆ, ಅದರ ಮೇಲಿನ ಎರಡಡಿ ಟೈಲ್ಸ್, ಕೆಳಗಿನ ಶಟರುಗಳು. ಚಿಮಣಿ, ಮೇಲಿನ ಕ್ಯಾಬಿನೆಟ್ಟು, ಲಾಫ್ಟಿನ ಬಾಗಿಲು ಮುಂದಿನ ಬೋನಸ್ಸಿಗೆ ಕಾಯಬಹುದು; ಅಲ್ಲಿಯ ತನಕ ಹೊರಗೋಡೆಯ ಎಕ್ಸಾಸ್ಟ್ ಫ್ಯಾನು ಒಗ್ಗರಣೆಯ ಘಾಟನ್ನು ನೋಡಿಕೊಳ್ಳುತ್ತದೆ. ಶಟರಿನ ಬಣ್ಣ ಬೇಸರವಾದರೆ ಬಡಗಿಯನ್ನು ಕರೆದು ಬದಲಿಸಿದರಾಯಿತು; ಟೈಲ್ಸ್ ಹಿಂದಿನ ವಯರು ಬದಲಿಸಬೇಕೆಂದರೆ ಗೋಡೆಯನ್ನೇ ಒಡೆಯಬೇಕು.