ಕೊಸರು ಹೋಯಿತು, ಡಿಗ್ರಿ ಬಂತು

2024ರ ಜೂನ್ ಕೊನೆಯ ವಾರ ನಂದಿನಿ ಹಾಲಿನ ಪ್ಯಾಕೆಟ್ಟುಗಳು ಇದ್ದಕ್ಕಿದ್ದಂತೆ ಉಬ್ಬಿದವು. ಅರ್ಧ ಲೀಟರಿನದಕ್ಕೂ ಒಂದು ಲೀಟರಿನದಕ್ಕೂ ತಲಾ 50 ಮಿ.ಲೀ. ಜಾಸ್ತಿ ಹಾಲು, ಜೊತೆಗೆ ಎರಡು ರೂಪಾಯಿ ಜಾಸ್ತಿ ದರ. ಬೇಡ ಎನ್ನುವ ದಾರಿ ಕೊಳ್ಳುವವರಿಗೆ ಇರಲಿಲ್ಲ. 2025ರ ಏಪ್ರಿಲ್ 1ಕ್ಕೆ ಆ 50 ಮಿ.ಲೀ. ವಾಪಸು ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದ ಹಳೆಯ ಮನೆಗಳವರಿಗೆ ಈ ಹೆಚ್ಚುವರಿ ಹಾಲಿನ ಸುದ್ದಿ ಕೇಳಿ, ನಿತ್ಯ ಮನೆಗೆ ಹಾಲು ಹಾಕುತ್ತಿದ್ದ ವರ್ತನೆಯವರ ಕೊಸರು ನೆನಪಾಗಿರಲೇಬೇಕು. ಅದಕ್ಕೆ ಯಾರೂ ದುಡ್ಡು ಕೇಳುತ್ತಿರಲಿಲ್ಲ.

ವರ್ತನೆ ಹಾಲಿನವರು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬೆಳಕು ಹರಿಯುವ ಹೊತ್ತಿಗೆ ಪೇಟೆಗೆ ಬರುತ್ತಿದ್ದರು. ಪಾವಿನಲ್ಲಿ ಅಳೆದು ಪಾತ್ರೆಗೆ ಸುರಿದಾದ ಮೇಲೆ ಪಾವನ್ನು ಇನ್ನೊಮ್ಮೆ ಕ್ಯಾನಿಗೆ ಅದ್ದಿ, ಒಂದು ಗುಟುಕಿನಷ್ಟು ಕೊಸರು ಮೇಲೆ ಸುರಿಯಬೇಕು. ಅದು ಬೀಳುವ ತನಕ ಮನೆಯಾಕೆ ಪಾತ್ರೆ ಎತ್ತುತ್ತಿರಲಿಲ್ಲ. ಜಗಳವೂ ಅಲ್ಲೇ.

‘ಏನಪ್ಪಾ, ನಿನ್ನೆ ಹಾಲು ಕೆನೆಯೇ ಕಟ್ಟಲಿಲ್ಲವಲ್ಲ?’

‘ಮಳೆಗಾಲ ನೋಡ್ರಮ್ಮಾ, ಹಸೀ ಹುಲ್ಲು ತಿಂದೈತಿ.’

ನೀರು ಹಾಕಿದವರೂ ಈ ಮಾತನ್ನೇ ಆಡುತ್ತಿದ್ದರು, ಹಾಕದವರೂ ಇದನ್ನೇ ಆಡುತ್ತಿದ್ದರು. ಮಾತು ಪೂರ್ತಿ ಸುಳ್ಳಲ್ಲ. ಎಳೆಹುಲ್ಲಿನಲ್ಲಿ ನಾರು ಕಡಿಮೆ, ಅದನ್ನೇ ಮೇಯ್ದ ದನದ ಹಾಲಿನಲ್ಲಿ ಜಿಡ್ಡು ಇಳಿಯುತ್ತದೆ. ಆದರೆ ಹೊಸ್ತಿಲಲ್ಲಿ ನಿಂತು ಅದನ್ನು ಸಾಬೀತು ಮಾಡುವುದು ಹೇಗೆ?

ಸಾಬೀತು ಮಾಡುವ ಸಲಕರಣೆ ಈ ಸೀಮೆಗೆ ತಡವಾಗಿ ಬಂತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಹೈನುಗಾರಿಕೆ ಯೋಜನೆ ಮೊದಲು ಹಿಡಿದದ್ದು ದಕ್ಷಿಣದ ಜಿಲ್ಲೆಗಳನ್ನು. ರಾಜ್ಯಕ್ಕೆ ಹಾಲು ಮಹಾಮಂಡಳಿ ಬಂದದ್ದು 1984ರಲ್ಲಿ. ಶಿವಮೊಗ್ಗ ಹಾಲು ಒಕ್ಕೂಟ, ಅಂದರೆ ಈಗಿನ ಶಿಮುಲ್, 1988ರದ್ದು; ಡೇರಿ ಇರುವುದು ಮಾಚೇನಹಳ್ಳಿಯಲ್ಲಿ. ಮುಂದೆ ಹಳ್ಳಿಹಳ್ಳಿಗೆ ಸಂಘ, ಕ್ಯಾನು ಹೊರುವ ಗಾಡಿ, ಪಾಸ್‌ಬುಕ್ಕು, ಬಟವಾಡೆ ಎಲ್ಲ ಬಂದವು. ಹಾಲು ಮಾರುವುದೇ ಹಗುರವೆಂದು ನಂಬಿದ್ದ ಮನೆಗಳ ಹೆಂಗಸರೂ ಕ್ಯಾನು ಹಿಡಿದು ಸಾಲಿನಲ್ಲಿ ನಿಂತರು. ಅವರ ಹೆಸರಿನಲ್ಲೇ ಬರುವ ಬಟವಾಡೆ ಸಣ್ಣ ಸಂಗತಿಯಲ್ಲ.

ಸಂಘದಲ್ಲಿ ಹಾಲಿನ ಗುಣ ಹೇಳುತ್ತಿದ್ದದ್ದು ಒಂದು ಗಾಜಿನ ಕೊಳವೆ. ಅದಕ್ಕೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಬಿರಡೆ ಬಿಗಿದು ಕುಲುಕಿದರೆ ಕೊಳವೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದ ಮೇಲೆ ಕೊಳವೆಯ ಕತ್ತಿನಲ್ಲಿ ಹಳದಿ ಜಿಡ್ಡು ನಿಲ್ಲುತ್ತದೆ. ಅದು ನಿಂತ ಗೆರೆಯೇ ಫ್ಯಾಟು. ಲ್ಯಾಕ್ಟೋಮೀಟರ್ ತೇಲಿಸಿ ಡಿಗ್ರಿ ನೋಡಿದರೆ ನೀರಿನ ಗುಟ್ಟೂ ಹೊರಬೀಳುತ್ತದೆ. ಹಸುವಿನ ಹಾಲಿಗೆ ಫ್ಯಾಟು 3.5, ಜಿಡ್ಡೇತರ ಘನಾಂಶ 8.5 ಇದ್ದರೆ ಪೂರ್ತಿ ದರ. ಹೊಸ್ತಿಲಿನ ಜಗಳ ಹೀಗೆ ತೀರಿತು. ಅದರ ಜೊತೆಗೇ ಕೊಸರೂ ಹೋಯಿತು, ಇಂಥವರ ಮನೆಯ ಇಂಥ ಎಮ್ಮೆಯ ಹಾಲು ಎಂಬ ಗುರುತೂ ಹೋಯಿತು.

ನನಗೆ ಹೆಚ್ಚು ನೋವಾಗುವುದು ಮಲೆನಾಡು ಗಿಡ್ಡದ ವಿಷಯದಲ್ಲಿ. ಸೊರಬದ ಕಾನಿನಲ್ಲಿ ಮೇಯ್ದು ಸಂಜೆಗೆ ತಾನಾಗಿಯೇ ಕೊಟ್ಟಿಗೆಗೆ ಬರುತ್ತಿದ್ದ ಈ ಪುಟ್ಟ ಹಸುವನ್ನು ಸಾಕಿದ್ದೇ ಮುಖ್ಯವಾಗಿ ಗೊಬ್ಬರಕ್ಕೆ, ಅಡಿಕೆ ತೋಟ ಮತ್ತು ಗದ್ದೆಗಾಗಿ. ಹಾಲು ಗಟ್ಟಿ; ಆದರೆ ಹೊತ್ತಿಗೆ ಒಂದು ಲೀಟರ್ ಬಂದರೆ ಹೆಚ್ಚು. ಫ್ಯಾಟಿನಲ್ಲಿ ಗೆದ್ದರೂ ಕ್ಯಾನು ತುಂಬಿಸುವುದರಲ್ಲಿ ಅದು ಸೋಲಲೇಬೇಕಿತ್ತು. 2008ರಲ್ಲಿ ಮುಖ್ಯಮಂತ್ರಿಯಾದ ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ ಲೀಟರಿಗೆ ಎರಡು ರೂಪಾಯಿ ಪ್ರೋತ್ಸಾಹಧನ ತಂದರು. 2013ರಲ್ಲಿ ಅದನ್ನು ಸಿದ್ದರಾಮಯ್ಯ ಸರ್ಕಾರ ನಾಲ್ಕಕ್ಕೆ ಏರಿಸಿತು. ಹೈನುಗಾರರಿಗೆ ಇದು ನಿಜವಾದ ಆಸರೆ. ಆದರೆ ಸಹಾಯವೂ ಲೀಟರಿನ ಲೆಕ್ಕದಲ್ಲೇ ಇತ್ತು. ಎಚ್‌ಎಫ್, ಜರ್ಸಿ ಮಿಶ್ರತಳಿಯ ಕೊಟ್ಟಿಗೆಗೆ ಹೆಚ್ಚು, ಗಿಡ್ಡದ ಕೊಟ್ಟಿಗೆಗೆ ಕಡಿಮೆ. ಈ ನಡುವೆ 2012ರಲ್ಲಿ ಗಿಡ್ಡಕ್ಕೆ ದೇಶದ ಅಧಿಕೃತ ತಳಿಯೆಂಬ ನೋಂದಣಿ ಸಿಕ್ಕಿತು. ಆ ಹೊತ್ತಿಗೆ ಎಷ್ಟೋ ಕೊಟ್ಟಿಗೆಗಳಲ್ಲಿ ಅದರ ಜಾಗವನ್ನು ಮಿಶ್ರತಳಿ ಹಿಡಿದಾಗಿತ್ತು.

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ತುರುಗೋಳಿನ ವೀರಗಲ್ಲುಗಳು ಹೆಜ್ಜೆಗೊಂದರಂತೆ ಸಿಗುತ್ತವೆ. ದನ ಬಿಡಿಸಲು ಹೋಗಿ ಸತ್ತವರ ಕಲ್ಲುಗಳು. ಅಂಥ ನೆಲದಲ್ಲಿ ಊರ ತಳಿಯೊಂದು ಲೆಕ್ಕದ ಪುಸ್ತಕದಿಂದಲೇ ಜಾರಿಹೋಗುವುದನ್ನು ಸಹಿಸುವುದು ಕಷ್ಟ.

ಇವತ್ತು ಶಿಕಾರಿಪುರದ ಹಾಲು ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಮಾಚೇನಹಳ್ಳಿ ಡೇರಿಗೆ ಹೋಗಿ, ಪ್ಯಾಕೆಟ್ಟಾಗಿ ಅದೇ ದಾರಿಯಲ್ಲಿ ಮನೆಬಾಗಿಲಿಗೆ ಬರುತ್ತದೆ. ಹಳ್ಳಿಯ ಸಂಘಗಳಿಗೆ ಸ್ಥಳೀಯ ಮಾರಾಟದ ಅವಕಾಶ ಇದ್ದೇ ಇದೆ. ಗಿಡ್ಡದ ಹಾಲಿಗೆ ಬೇರೆ ಕ್ಯಾನು, ಬೇರೆ ದರ ಇಟ್ಟು, ಡಿಗ್ರಿ ನೋಡಿಯೇ ಊರಿನ ಮನೆಗಳಿಗೆ ವರ್ತನೆ ಹಾಕಿಸಲು ಸಂಘಗಳು ಮುಂದಾಗಬೇಕು. ಒಕ್ಕೂಟ ಒಂದು ಊರಿನಲ್ಲಾದರೂ ಇದನ್ನು ಶುರುಮಾಡಲಿ.